ಉಣ್ಣಲೊಲ್ಲದ ಚಿಟ್ಟೆಮೀನು

ತಿ. ನರಸೀಪುರದ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಮಂಗಳಮ್ಮ ಅಡುಗೆಗೆ ಸೇರಿ ಹತ್ತೊಂಬತ್ತು ವರ್ಷವಾಯಿತು. ಅಷ್ಟರಲ್ಲಿ ಏಳು ಜನ ವಾರ್ಡನ್‌ಗಳು ಬಂದು ಹೋದರು, ಸೌದೆ ಒಲೆ ಹೋಗಿ ಗ್ಯಾಸ್ ಬಂತು, ವಾರಕ್ಕೆರಡು ಮೊಟ್ಟೆ ಬಂತು. ಸಾರಿಗೆ ಉಪ್ಪು ಹಾಕುವ ಕೈ ಮಾತ್ರ ಬದಲಾಗಲಿಲ್ಲ. ತೊಂಬತ್ತು ಹುಡುಗಿಯರ ಸಾರಿಗೆ ಅವಳು ಯಾರೊಂದಿಗೋ ಮಾತಾಡುತ್ತಲೇ ಡಬ್ಬಕ್ಕೆ ಕೈ ಹಾಕಿ ಎರಚಿದರೆ ಮುಗಿಯಿತು, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಒಮ್ಮೆ ಹೊಸ ವಾರ್ಡನ್ ಒಬ್ಬರು ಯಾವುದಕ್ಕೆ ಎಷ್ಟು ಚಮಚ ಎಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದರು. ಮಂಗಳಮ್ಮ ಅದೇ ಜಾಗಕ್ಕೆ ಮೊಳೆ ಹೊಡೆದು ಜರಡಿ ನೇತುಹಾಕಿದಳು.

ಉಣಿಸುವುದರಲ್ಲೂ ಅವಳದೇ ಒಂದು ದಾರಿ. ಮನೆ ಬಿಟ್ಟು ಬಂದ ಹೊಸ ಹುಡುಗಿಯರು ಮೊದಲ ವಾರ ತಟ್ಟೆ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಾರೆ. ಬೇರೆಯವರಾದರೆ ತಿನ್ನು ಪುಟ್ಟ, ತಿನ್ನು ಚಿನ್ನ ಎಂದು ತಲೆ ಸವರುತ್ತಾರೆ. ಮಂಗಳಮ್ಮ ಒಂದು ಮಾತೂ ಆಡುವುದಿಲ್ಲ. ತಾನೂ ಒಂದು ಮುದ್ದೆ ಹಾಕಿಕೊಂಡು ಹುಡುಗಿಯ ಪಕ್ಕದಲ್ಲಿ ಬೆನ್ನು ತಿರುಗಿಸಿ ಕೂತು ಸೊರ ಸೊರ ಉಣ್ಣುತ್ತಾಳೆ. “ನೋಡ್ತಾ ಕುಂತ್ರೆ ಅವ್ಕೆ ಗಂಟ್ಲು ಕಟ್ತದೆ” ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ತಟ್ಟೆಯಲ್ಲಿ ಬೆರಳಾಡಿದ ಸದ್ದು ಕೇಳುತ್ತದೆ. ಆಗಲೂ ಅವಳು ತಿರುಗಿ ನೋಡುವುದಿಲ್ಲ. ಸ್ವಂತ ಮಕ್ಕಳಾಗಲಿಲ್ಲ. ಅದಕ್ಕಾಗಿ ಅತ್ತದ್ದೂ ಆಯಿತು, ಮೈಸೂರಿನ ಆಸ್ಪತ್ರೆಗಳಿಗೆ ಅಲೆದದ್ದೂ ಆಯಿತು. ಈಗ ಯಾರಾದರೂ ಆ ಮಾತು ತೆಗೆದರೆ, “ನಂಗೆ ತೊಂಬತ್ತವೆ, ನಿಮ್ಗೆಷ್ಟು?” ಎಂದು ಬಾಯಿ ಮುಚ್ಚಿಸುತ್ತಾಳೆ.

ಅವಳ ಗಂಡ ರಾಜೇಂದ್ರ ದಿನಾ ನಂಜನಗೂಡಿಗೆ ಬೈಕಿನಲ್ಲಿ ಹೋಗಿ ಬರುವವನು. ಅಲ್ಲಿ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವ ಸಹಾಯಕನ ಕೆಲಸ. ದಿನವಿಡೀ ಸೀಸೆಯಲ್ಲಿ ನೀರು ಹಿಡಿದು ನೋಡಿದ ಮನುಷ್ಯ ಮನೆಗೆ ಬಂದ ಮೇಲೂ ನೀರನ್ನೇ ನೋಡುತ್ತಾ ಕೂರುವುದಕ್ಕೆ ಏನನ್ನಬೇಕು ಹೇಳಿ! ಮಂಗಳೂರು ಕಡೆಯ ಆಫೀಸರೊಬ್ಬರು ವರ್ಗವಾಗಿ ಹೋಗುವಾಗ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಇವನ ತಲೆಗೆ ಕಟ್ಟಿ ಹೋಗಿದ್ದರು. ಅದು ಸಮುದ್ರದ ಮೀನು ಸಾಕುವ ತೊಟ್ಟಿ. ಸಮುದ್ರ ಎಲ್ಲಿ, ನರಸೀಪುರ ಎಲ್ಲಿ! ಎರಡು ಸಿಹಿನೀರಿನ ನದಿ ಸೇರುವ ಊರಿನಲ್ಲಿ ಕೂತು ಇವನು ಕ್ಯಾನಿನ ನೀರಿಗೆ ಮೈಸೂರಿನಿಂದ ತಂದ ಸಮುದ್ರದ ಉಪ್ಪು ಬೆರೆಸಿ, ನೀಲಿ ಡ್ರಮ್ಮುಗಳಲ್ಲಿ ತುಂಬಿಸಿ, ಅದರಲ್ಲಿ ಒಂದು ಗಾಜಿನ ಕೊಳವೆ ತೇಲಿಬಿಟ್ಟು ಗೆರೆ ನೋಡುತ್ತಿದ್ದ.

“ಉಪ್ಪು ನೋಡಕೆ ನಾಲ್ಗೆ ಇಲ್ವ ನಿಮ್ಗೆ?” ಎಂದು ಮಂಗಳಮ್ಮ ನಗುತ್ತಿದ್ದಳು.

“ಇದು ನಾಲ್ಗೆಗೆ ಸಿಕ್ಕೋದಲ್ಲ ಕಣೆ” ಎಂದು ಅವನೂ ನಗುತ್ತಿದ್ದ. ಅವರಿಬ್ಬರ ನಡುವೆ ನಗು ಬರುತ್ತಿದ್ದದ್ದು ಹೆಚ್ಚಾಗಿ ಆ ತೊಟ್ಟಿಯ ವಿಷಯಕ್ಕೇ.

ಐದು ವರ್ಷ ಎರಡು ಕೇಸರಿ ಬಣ್ಣದ ಮೀನುಗಳಲ್ಲೇ ಕಳೆಯಿತು. ಅವನ ಆಸೆ ಚಿಟ್ಟೆಮೀನಿನ ಮೇಲಿತ್ತು. ಕೊನೆಗೊಂದು ಶನಿವಾರ ಮೈಸೂರಿನ ರಂಗನಾಯಕನ ಅಂಗಡಿಯಿಂದ ಒಂದನ್ನು ತಂದೇಬಿಟ್ಟ. ಅಂಗೈಯಷ್ಟಗಲ, ತೆಳ್ಳಗೆ. ಮುಂದೆ ಬಿಳಿ, ಹಿಂದೆ ಅರಿಸಿನ ಬಳಿದಂಥ ಹಳದಿ, ಕಣ್ಣಿನ ಮೇಲೆ ಹಾದುಹೋದ ಕಪ್ಪು ಪಟ್ಟೆ, ಬೆನ್ನಿನ ಕೊನೆಯಲ್ಲೊಂದು ಕಪ್ಪು ಮಚ್ಚೆ. ಚೂಪು ಮೂತಿ. ರಾಜೇಂದ್ರ ಅದರ ಮುಂದೆ ಕೂತವನು ಊಟಕ್ಕೂ ಏಳಲಿಲ್ಲ. ಆದರೆ ಮೀನು ಏನು ಹಾಕಿದರೂ ಮೂಸಲೂ ಇಲ್ಲ. ಹೊಸ ಜಾಗ, ಹೆದರಿದೆ, ನಾಲ್ಕು ದಿನದಲ್ಲಿ ತಿನ್ನುತ್ತದೆ ಎಂದ.

ಐದನೇ ದಿನ ಸಂಜೆ ನಂಜನಗೂಡಿನಿಂದ ಬರುವಾಗ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಅವನ ಬೈಕು ಗುದ್ದಿತು. ಬಲಗಾಲಿನ ತೊಡೆಮೂಳೆ ಎರಡು ಕಡೆ ಮುರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಕಂಬಿ ಹಾಕಿದರು. ಮಂಗಳಮ್ಮ ನಾಲ್ಕು ದಿನ ಮಂಚದ ಪಕ್ಕದಲ್ಲೇ ನೆಲದ ಮೇಲಿದ್ದಳು. ಐದನೇ ಬೆಳಿಗ್ಗೆ ಸ್ವಲ್ಪ ಪ್ರಜ್ಞೆ ನೆಟ್ಟಗಾದ ರಾಜೇಂದ್ರ ಮೊದಲು ಆಡಿದ ಮಾತು ಇದು: “ಇಲ್ಲಿ ಚೆಲುವರಾಜು ಅವ್ನೆ, ನೋಡ್ಕತಾನೆ. ನೀ ಮನ್ಗೋಗು. ಮೀನ್ ಸತ್ತೋಗ್ತದೆ.”

ಚೆಲುವರಾಜು ಅವನ ತಮ್ಮ. ಅಣ್ಣನ ಮಾತಿಗೆ ಅವನೇ ನಾಚಿಕೊಂಡ. ಮಂಗಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ದಿನ ನಿದ್ದೆ ಕೆಟ್ಟು ಕೂತ ಹೆಂಡತಿಗಿಂತ ಅಂಗೈಯಗಲದ ಮೀನು ಹೆಚ್ಚಾಯಿತೇ? ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, ಸೆರಗು ಕೊಡವಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅತ್ತಳು.

ಮನೆಗೆ ಬಂದು ನೋಡಿದರೆ ಚಿಟ್ಟೆಮೀನು ತೊಟ್ಟಿಯ ಮೂಲೆಯಲ್ಲಿ ಕಲ್ಲಿನ ಹಿಂದೆ ನಿಂತಿತ್ತು. ಹೊಟ್ಟೆ ಒಳಕ್ಕೆ ಹೋಗಿತ್ತು. ತೊಟ್ಟಿಯ ಪಕ್ಕದಲ್ಲಿದ್ದ ಡಬ್ಬದ ಕಾಳು ಹಾಕಿದಳು. ಕೇಸರಿ ಮೀನುಗಳು ಮುಗಿಬಿದ್ದು ತಿಂದವು. ಇದು ನೋಡಲೂ ಇಲ್ಲ. ಅಷ್ಟು ಹೊತ್ತಿಗೆ ಫೋನು ಬಂತು.

“ಮಂಗ್ಳ, ತಿಂತಾ?”

ಆ ದನಿ ಕೇಳಿ ಅವಳ ಸಿಟ್ಟೆಲ್ಲ ಇಳಿದುಹೋಯಿತು. ಹಳ್ಳದೊಳಗಿಂದ ಬಂದಂಥ ದನಿ. “ಊಂ ಕಣ್ರೀ, ತಿಂತು ತಿಂತು. ನಾಕ್ ಕಾಳು ತಿಂತು” ಎಂದಳು.

ಒಂದು ಸುಳ್ಳು, ಏನಾಯಿತು, ನಾಳೆ ತಿಂದರೆ ನಿಜವಾಗುತ್ತದೆ ಎಂದುಕೊಂಡಳು. ಸಂಜೆಗೆ ಚೆಲುವರಾಜು ಫೋನು ಮಾಡಿದ. “ಅತ್ಗೆ, ಅದೇನ್ ಏಳುದ್ರೋ, ಅಣ್ಣ ಇವತ್ತು ಎಲ್ಡ್ ಇಡ್ಲಿ ಪೂರ್ತಿ ತಿಂದ. ಇಷ್ಟ್ ದಿನ ಬಾಯೇ ತಗೀತಿರ್ಲಿಲ್ಲ.” ಅಲ್ಲಿಗೆ ಅವಳ ಕೊರಳಿಗೆ ಹಗ್ಗ ಬಿತ್ತು. ಇನ್ನು ಮೀನು ತಿನ್ನದೆ ಇರುವ ಹಾಗಿಲ್ಲ. ಗಂಡ ಕಾಲು ಊರಿಕೊಂಡು ಮನೆಗೆ ಬರುವ ಹೊತ್ತಿಗೆ ಅದು ಜೀವಂತ ಇರಲೇಬೇಕು.

ಆರು ದಿನ ಅವಳು ಪಟ್ಟ ಪಾಡು ಯಾವ ತಾಯಿಯೂ ಪಟ್ಟಿರಲಾರಳು. ಹಾಸ್ಟೆಲ್ಲಿನ ಬೆಳಗಿನ ತಿಂಡಿ ಮುಗಿಸಿ ಓಡಿ ಬರುವುದು, ಮಧ್ಯಾಹ್ನ ಓಡಿ ಬರುವುದು. ಫ್ರಿಜ್ಜಿನಲ್ಲಿದ್ದ ಸೀಗಡಿ ಹೆಚ್ಚಿ ಹಾಕಿದಳು. ಮೊಟ್ಟೆಯ ಹಳದಿ ಪುಡಿ ಮಾಡಿ ಹಾಕಿದಳು, ನೀರು ಕದಡಿತು ಅಷ್ಟೆ. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ಬೈದಳು. “ಏನ್ ದೊಡ್ ಸಾವ್ಕಾರ್ತಿಯೇನೆ ನೀನು? ನನ್ ಕೈಯೂಟ ತಿಂದೋರು ಪೋಲೀಸ್ ಆಗವ್ರೆ, ನರ್ಸ್ ಆಗವ್ರೆ. ನಿಂಗ್ ಮಾತ್ರ ಬ್ಯಾಡ್ವ?” ಮೀನು ಕಲ್ಲಿನ ಹಿಂದಕ್ಕೆ ಸರಿಯಿತು. ಅವಳಿಗೆ ನಿಜವಾಗಿಯೂ ಅವಮಾನವಾಯಿತು.

ರಂಗನಾಯಕನ ಅಂಗಡಿಗೆ ಫೋನು ಮಾಡಿದಳು. ರಾಜೇಂದ್ರನಿಗೆ ತಿಳಿಸಬಾರದು ಎಂದು ಮೊದಲೇ ಮಾತು ತೆಗೆದುಕೊಂಡಳು. “ಹಸಿ ಚಿಪ್ಪು ಸಿಕ್ರೆ ಬಾಯಿ ಬಿಚ್ಚಿ, ಚಿಪ್ಪಿನ ಸಮೇತ ಒಳಗಿಡಿ ಅಮ್ಮ. ಇವು ಸಮುದ್ರದಲ್ಲಿ ಸಂದುಗೊಂದಿಗೆ ಮೂತಿ ಹಾಕಿ ಕುಟುಕಿ ತಿನ್ನೋ ಜಾತಿ. ಆದ್ರೆ ಸಮುದ್ರದ ಚಿಪ್ಪು ನಿಮ್ಮೂರಲ್ಲಿ ಎಲ್ಲಿ ಸಿಗ್ತದೆ?” ಎಂದ ಅವನು.

ಸಮುದ್ರದ್ದು ಸಿಗದಿದ್ದರೆ ಹೊಳೆಯದು ಸಿಗುವುದಿಲ್ಲವೇ? ಸೇತುವೆಯ ಹತ್ತಿರ ಹೊಳೆಮೀನು ಮಾರುವ ಚನ್ನಾಜಮ್ಮನ ಬುಟ್ಟಿಯ ಮುಂದೆ ಹೋಗಿ ನಿಂತಳು.

“ಕಪ್ಪೆಚಿಪ್ಪಾ? ಯಾರ್ಗೆ?”

“ಮೀನ್ಗೆ ಕಣಕ್ಕ.”

“ಮೀನ್ಗೆ ಉಣ್ಸಕೆ ನನ್ತಾವ್ ಬಂದಿದ್ದೀಯ? ನಾನ್ ಮೀನ್ ಕುಯ್ಯೋಳು ಕಣೆ!” ಎಂದು ಚನ್ನಾಜಮ್ಮ ಹೊಟ್ಟೆ ಹಿಡಿದು ನಕ್ಕಳು. ನಕ್ಕರೂ ಮಾರನೇ ದಿನ ಕಪಿಲೆಯ ಕೆಸರಿನಿಂದ ಹತ್ತು ಚಿಪ್ಪು ತಂದುಕೊಟ್ಟಳು.

ಮಂಗಳಮ್ಮ ಈಳಿಗೆಮಣೆಯಲ್ಲಿ ಒಂದು ಚಿಪ್ಪಿನ ಬಾಯಿ ಬಿಡಿಸಿ, ಚೆನ್ನಾಗಿ ತೊಳೆದು, ಮಾಂಸ ಮೇಲೆ ಬರುವಂತೆ ತೊಟ್ಟಿಯ ತಳದಲ್ಲಿಟ್ಟಳು. ಆಮೇಲೆ ಹಾಸ್ಟೆಲ್ಲಿನಲ್ಲಿ ಮಾಡುವುದನ್ನೇ ಮಾಡಿದಳು. ತೊಟ್ಟಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತು, ಮುದ್ದೆ ಬಸ್ಸಾರು ಹಾಕಿಕೊಂಡು ಸೊರ ಸೊರ ಉಂಡಳು. ಎದುರಿಗಿಟ್ಟುಕೊಂಡ ಸ್ಟೀಲಿನ ಚೊಂಬಿನ ಮೈಯಲ್ಲಿ ತೊಟ್ಟಿಯ ಬೆಳಕು ಕಾಣುತ್ತಿತ್ತು. ಅರ್ಧ ಮುದ್ದೆ ಮುಗಿದಿರಬೇಕು, ಆ ಬೆಳಕಿನೊಳಗೆ ಹಳದಿಯದೊಂದು ಚೂರು ಅಲ್ಲಾಡಿತು. ಕೆಳಗೆ ಬಂತು. ಚಿಪ್ಪಿನ ಮೇಲೆ ಒಮ್ಮೆ ಬಗ್ಗಿ ಹಿಂದಕ್ಕೆ ಸರಿಯಿತು, ಮತ್ತೆ ಬಗ್ಗಿತು. ಕುಟುಕಿತು. ಕುಟುಕಿತು. ಕುಟುಕಿತು.

ಮಂಗಳಮ್ಮ ತಿರುಗಿ ನೋಡಲಿಲ್ಲ. ಬಾಯಲ್ಲಿದ್ದ ತುತ್ತು ಹಾಗೇ ಇತ್ತು, ಕಣ್ಣೀರು ಧಾರಾಕಾರ ಸುರಿಯುತ್ತಿತ್ತು.

ಆಗಿನಿಂದ ಒಂದು ದಿನವೂ ತಪ್ಪಲಿಲ್ಲ. ಬೆಳಿಗ್ಗೆ ಒಂದು ಚಿಪ್ಪು, ಸಂಜೆ ಒಂದು ಚಿಪ್ಪು, ಮುಗಿದಂತೆಲ್ಲ ಚನ್ನಾಜಮ್ಮ ತಂದುಕೊಡುವಳು. ತಿಂದಾದ ಮೇಲೆ ನೀರು ಕೆಡದಂತೆ ತೆಗೆದುಬಿಡುವುದು. ವಾರದಲ್ಲಿ ಮೀನಿನ ಹೊಟ್ಟೆ ತುಂಬಿಕೊಂಡಿತು. ಅವಳು ಬಂದರೆ ಕಲ್ಲಿನ ಹಿಂದಿನಿಂದ ಮುಂದಕ್ಕೆ ಬಂದು ಗಾಜಿಗೆ ಮೂತಿ ಇಡುತ್ತಿತ್ತು. ಈ ಸಂಭ್ರಮವನ್ನು ಅವಳು ಹೇಳಿಕೊಳ್ಳಬೇಕಾಗಿದ್ದದ್ದು ಒಬ್ಬನಿಗೇ, ಅವನಿಗೇ ಹೇಳುವ ಹಾಗಿಲ್ಲ! ಮೊದಲ ದಿನವೇ ಕಾಳು ತಿಂತು ಎಂದವಳು ಈಗ ತಿಂತು ಎಂದು ಹೇಗೆ ಕುಣಿಯುವುದು? ಅವನು ದಿನಾ “ತಿಂತಾ?” ಎನ್ನುವನು, ಇವಳು “ತಿಂತು” ಎನ್ನುವಳು. ಸುಳ್ಳು ಹೇಳುವಾಗ ಯಾವ ದನಿಯಿತ್ತೋ ನಿಜ ಹೇಳುವಾಗಲೂ ಅದೇ ದನಿ. ಭಾನುವಾರ ಭಾನುವಾರ ತೊಟ್ಟಿಯಿಂದ ಎರಡು ಬಕೆಟ್ ನೀರು ತೆಗೆದು ಡ್ರಮ್ಮಿನಿಂದ ಎರಡು ಬಕೆಟ್ ಹಾಕು ಎಂದು ಅವನು ಹೇಳಿಕೊಟ್ಟಿದ್ದ. ಅದನ್ನೂ ಮಾಡಿದಳು. ಒಂದು ಡ್ರಮ್ಮು ಖಾಲಿಯಾಯಿತು, ಇನ್ನೊಂದು ಉಳಿಯಿತು.

ಮೀನು ತಿನ್ನತೊಡಗಿದ ನಾಲ್ಕನೇ ವಾರ ರಾಜೇಂದ್ರನಿಗೆ ಜ್ವರ ಬಂತು. ಗಾಯದಲ್ಲಿ ಕೀವಾಗಿದೆ, ಮತ್ತೆ ತೆಗೆದು ತೊಳೆಯಬೇಕು ಎಂದರು ಡಾಕ್ಟರು. ಅದೇ ವಾರ ಭಾನುವಾರ ರಾತ್ರಿ ಚಂದ್ರಗ್ರಹಣ.

ಆ ಮನೆಯಲ್ಲಿ ಮಾವನ ಕಾಲದಿಂದಲೂ ಗೋಡೆಯ ಮೇಲೆ ಬುದ್ಧನ ಪಟ. ರಾಹುಕಾಲವಿಲ್ಲ, ಗ್ರಹಣವಿಲ್ಲ, ಶಾಂತಿಯಿಲ್ಲ. ಮಂಗಳಮ್ಮನೂ ಎಲ್ಲವನ್ನೂ ಒಪ್ಪಿ ಬಿಟ್ಟವಳೇ. ಒಂದು ಮಾತ್ರ ಬಿಟ್ಟಿರಲಿಲ್ಲ. ದೇವನೂರಿನಲ್ಲಿ ಅವಳ ಅವ್ವ ಗ್ರಹಣದ ಮಾರನೇ ಬೆಳಿಗ್ಗೆ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಒಂದು ಹನಿ ಉಳಿಸದೆ ಚೆಲ್ಲಿ ಹೊಸನೀರು ತುಂಬುತ್ತಿದ್ದಳು. ಮಂಗಳಮ್ಮನೂ ಸದ್ದಿಲ್ಲದೆ ಅಷ್ಟನ್ನು ಮಾಡುತ್ತಾ ಬಂದಿದ್ದಳು. ರಾಜೇಂದ್ರ ರೇಗಿಸುತ್ತಿದ್ದ, ತಡೆಯುತ್ತಿರಲಿಲ್ಲ. ಆದರೆ ಅವನು ಮನೆಯಲ್ಲಿದ್ದಿದ್ದರೆ ಡ್ರಮ್ಮು ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ.

ಸೋಮವಾರ ಬಿಂದಿಗೆ, ಕೊಳಗ, ಬಕೆಟ್ಟು ಎಲ್ಲ ಚೆಲ್ಲಿ ತೊಳೆದಿಟ್ಟ ಮೇಲೆ ಅವಳ ಕಣ್ಣು ನೀಲಿ ಡ್ರಮ್ಮಿನ ಮೇಲೆ ಬಿತ್ತು. ಅಲ್ಲಿ ಅವನ ಕಾಲು ಕೀವು ಸೋರುತ್ತಿದೆ. ಇಲ್ಲಿ ಗ್ರಹಣ ಹಿಡಿದ ನೀರನ್ನು ಅವನ ಜೀವದಂಥ ಮೀನಿಗೆ ಹಾಕುವುದೇ? ಏನಾದರೂ ಹೆಚ್ಚುಕಮ್ಮಿಯಾದರೆ? ಬೇಡವೇ ಬೇಡ. ಚೆಲ್ಲುವ ಮೊದಲು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಇಷ್ಟೇ ತಾನೆ ಉಪ್ಪು! ಹತ್ತೊಂಬತ್ತು ವರ್ಷದ ಕೈ, ಇದು ಬರುವುದಿಲ್ಲವೇ?

ಡ್ರಮ್ಮು ಬಗ್ಗಿಸಿ ಮೋರಿಗೆ ಚೆಲ್ಲಿದಳು. ನಲ್ಲಿಯಲ್ಲಿ ನೀರು ಬರುತ್ತಿತ್ತು, ಬ್ಲೀಚಿಂಗ್ ಪುಡಿಯ ವಾಸನೆ ಸ್ವಲ್ಪ ಜೋರಾಗಿತ್ತು. ತುಂಬಿಸಿದಳು. ಮೂಟೆಯಲ್ಲಿ ಉಳಿದಿದ್ದ ಸಮುದ್ರದ ಉಪ್ಪನ್ನೆಲ್ಲ ಸುರಿದು ಕಲಕಿ ನಾಲಿಗೆಗಿಟ್ಟರೆ ಇನ್ನೂ ಸಪ್ಪೆ. ಅಡುಗೆಮನೆಯ ಹರಳುಪ್ಪು ತಂದು ಹಾಕಿದಳು. ಮತ್ತೆ ರುಚಿ ನೋಡಿದಳು, ಸರಿಯಾಯಿತು. ಗಾಜಿನ ಕೊಳವೆ ಅಲ್ಲೇ ಕಿಟಕಿಯಲ್ಲಿತ್ತು. ಅದನ್ನು ಮುಟ್ಟಲಿಲ್ಲ. ತೊಟ್ಟಿಯ ನೀರಿಗೂ ಗ್ರಹಣ ಹಿಡಿದಿದೆಯಲ್ಲ ಎಂದು ಎರಡು ಬಕೆಟ್ ತೆಗೆಯುವ ಕಡೆ ಆರು ಬಕೆಟ್ ತೆಗೆದಳು, ಆರು ಬಕೆಟ್ ಹೊಸದು ಹಾಕಿದಳು. ಎಲ್ಲ ಮುಗಿಸಿ ಸಮಾಧಾನದಿಂದ ಹಾಸ್ಟೆಲ್ಲಿಗೆ ಹೋದಳು.

ಸಂಜೆ ಬಂದರೆ ಮೀನು ನೀರಿನ ಮೇಲ್ಗಡೆ ಬಾಯಿ ಬಾಯಿ ಬಿಡುತ್ತಿತ್ತು. ಚಿಪ್ಪು ಇಟ್ಟಳು, ಬರಲಿಲ್ಲ. ಮಂಗಳವಾರ ಅರಿಸಿನದ ಬಣ್ಣ ಬೂದಿಯಾಗಿತ್ತು. ರಂಗನಾಯಕನಿಗೆ ಫೋನು ಮಾಡಿದಳು.

“ನೀರು ಬದಲಾಯಿಸಿದ್ರಾ? ಉಪ್ಪು ಎಷ್ಟು ತೋರಿಸ್ತು?”

“ನಾಲ್ಗೆಗಿಟ್ಟು ನೋಡ್ದೆ, ಸರ್ಯಾಗಿತ್ತು.”

“ಅಯ್ಯೋ ಅಮ್ಮ, ಅದು ಸಾರಲ್ಲ ಕಣಮ್ಮ” ಎಂದ.

ಕ್ಯಾನಿನ ನೀರು ತರಿಸಿ, ಹೊಸ ಉಪ್ಪು ತರಿಸಿ, ಹಾಗೆ ಮಾಡಿ ಹೀಗೆ ಮಾಡಿ ಎಂದು ಹೇಳಿದ. ಉಪ್ಪಿನ ಚೀಲ ಮೈಸೂರಿನಿಂದ ಬಸ್ಸಿನಲ್ಲಿ ಬಂದಿಳಿದದ್ದು ಬುಧವಾರ ಮಧ್ಯಾಹ್ನ. ಅಷ್ಟರಲ್ಲಿ ಚಿಟ್ಟೆಮೀನು ಫಿಲ್ಟರಿನ ಬಾಯಿಗೆ ಅಂಟಿಕೊಂಡು ಮಲಗಿತ್ತು. ಗಟ್ಟಿಜೀವದ ಕೇಸರಿ ಮೀನುಗಳು ಏನೂ ಆಗದವರ ಹಾಗೆ ಓಡಾಡುತ್ತಿದ್ದವು. ಸತ್ತ ಮೀನನ್ನು ಅಂಗೈ ಮೇಲೆ ತೆಗೆದುಕೊಂಡಾಗ ಮಂಗಳಮ್ಮನಿಗೆ ತಿಳಿದದ್ದು, ಇಷ್ಟು ದಿನ ಉಣಿಸಿದರೂ ಒಮ್ಮೆಯೂ ಮುಟ್ಟಿರಲಿಲ್ಲ ಎಂದು. ನಿಂಬೆ ಗಿಡದ ಬುಡದಲ್ಲಿ ಹೂತಳು.

“ಅಂಥದ್ದೇ ಇನ್ನೊಂದು ಬಂದಿದೆ, ತಗೊಂಡೋಗಿ ಬಿಡಿ, ಸಾರ್‌ಗೆ ಗೊತ್ತಾಗಲ್ಲ” ಎಂದ ಫೋನಿನಲ್ಲಿ ಸುದ್ದಿ ಕೇಳಿದ ರಂಗನಾಯಕ. ಅವನು ಒಳ್ಳೆಯದಕ್ಕೇ ಹೇಳಿದ್ದು. ಮಂಗಳಮ್ಮ ಹೋಗಲೆಂದು ಸೀರೆ ಬದಲಾಯಿಸಿಯೂ ಆಗಿತ್ತು. ಬಾಗಿಲ ಹತ್ತಿರ ನಿಂತವಳಿಗೆ, ಅದನ್ನು ತಂದರೆ ಅದಕ್ಕೂ ನಾನೇ ಉಣಿಸಬೇಕಲ್ಲ ಎನ್ನಿಸಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳಿಗೆ ತನ್ನ ಕೈಯ ಮೇಲೆ ಭಯವಾಯಿತು. ಆವತ್ತು ರಾತ್ರಿ ಹಾಸ್ಟೆಲ್ಲಿನ ಸಾರನ್ನು ಮೂರು ಸಲ ರುಚಿ ನೋಡಿದಳು. ಫೋನು ಬಂದಾಗ ತಿಂತು ಎಂದೇ ಹೇಳಿದಳು.

ರಾಜೇಂದ್ರನ ಜ್ವರ ಬಿಟ್ಟಿತು. ಮುಂದಿನ ಶುಕ್ರವಾರ ಮನೆಗೆ ಕಳಿಸಿದರು. ಚೆಲುವರಾಜು, ಆಂಬುಲೆನ್ಸಿನ ಡ್ರೈವರು ಸೇರಿ ಎತ್ತಿ ತಂದು ತೊಟ್ಟಿಯ ಎದುರಿಗೇ ಮಂಚದ ಮೇಲೆ ಮಲಗಿಸಿದರು. ಅರ್ಧ ಆಳಾಗಿದ್ದ. ಚೆಲುವರಾಜು ಮಾತ್ರೆ ತರಲು ಪೇಟೆಗೆ ಹೋದ. ರಾಜೇಂದ್ರ ತೊಟ್ಟಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಮಂಗಳಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಯಾವಾಗ?” ಎಂದ.

“ಓದ್ ವಾರ. ಬುಧ್ವಾರ.”

ಅವನು ನಕ್ಕ. “ಯಾವತ್ತಾದ್ರೇನ್ ಬಿಡು ಮಂಗ್ಳ. ನಂಗೊತ್ತಿತ್ತು. ಅದು ಅಂಗ್ಡೀಲೇ ತಿಂತಿರ್ಲಿಲ್ಲ. ರಂಗನಾಯಕ ಬ್ಯಾಡ ಸಾ ಅಂದ, ನಾನೇ ಆಸೆಬಿದ್ದು ತಂದೆ. ಹೊಸದ್ರಲ್ಲಿ ಅವು ಕಾಳು ಮುಟ್ಟಲ್ಲ ಕಣೆ. ಮೊದಲ್ನೇ ದಿನ ನಾಕ್ ಕಾಳು ತಿಂತು ಅಂದೆಯಲ್ಲ, ಆಗ್ಲೇ ಅನ್ಕಂಡೆ, ಸತ್ತೋಗದೆ, ನನ್ ಸಮಾಧಾನಕ್ಕೆ ಏಳ್ತಾವ್ಳೆ ಅಂತ. ನೀನು ದಿನಾ ತಿಂತು ತಿಂತು ಅನ್ನೋದ್ ಕೇಳಕೆ ಚೆಂದಾಗಿತ್ತು. ಅದ್ಕೇ ಕೇಳ್ತಿದ್ದೆ.”

ಇನ್ನೇನು ಬೇಕು? ಹೂಂ ಎಂದರೆ ಮುಗಿಯಿತು. ಸಾಯುವ ಮೀನು ಸತ್ತಿತು, ಹೆಂಡತಿ ಗಂಡನ ಸಲುವಾಗಿ ನಾಲ್ಕು ಸುಳ್ಳು ಹೇಳಿದಳು, ಅಷ್ಟೆ. ಡ್ರಮ್ಮು ಚೆಲ್ಲಿದ್ದು, ಹರಳುಪ್ಪು ಹಾಕಿದ್ದು ಯಾರಿಗೂ ಗೊತ್ತಾಗಬೇಕಿಲ್ಲ. ಮಂಗಳಮ್ಮ ಹೂಂ ಎನ್ನಲು ಬಾಯಿ ತೆರೆದಳು. ಆದರೆ ಚೊಂಬಿನ ಬೆಳಕಿನಲ್ಲಿ ಕಂಡ ಆ ಹಳದಿ, ಗಾಜಿಗೆ ಮೂತಿ ಇಟ್ಟು ಕಾಯುತ್ತಿದ್ದ ಆ ಜೀವ, ಅದು ಒಂದು ತುತ್ತೂ ತಿನ್ನದೆ ಸತ್ತಿತು ಎನ್ನುವುದೇ? ಅವಳಿಂದ ಆಗಲಿಲ್ಲ.

“ಇಲ್ಲ ಕಣ್ರೀ, ತಿಂತಿತ್ತು.”

“ಆಯ್ತು ಬಿಡು.”

“ಆಯ್ತು ಬಿಡು ಅನ್ಬ್ಯಾಡಿ!” ಎಂದು ಕಿರುಚಿದಳು. “ತಿಂತಿತ್ತು. ಇಪ್ಪತ್ತಾರ್ ದಿನ ತಿಂತು. ಹೊಳೆ ಚಿಪ್ಪು ಬಿಚ್ಚಿ ಇಡ್ತಿದ್ದೆ. ಮೊದ್ಲು ಒಂದ್ ಸುತ್ತು ಬರೋದು, ಆಮೇಲ್ ಓರೆಯಾ ನಿಂತ್ಕಂಡು ಒಂದ್ ಕಣ್ಣಲ್ ನೋಡೋದು, ಆಮೇಲ್ ಬೆನ್ ಮುಳ್ಳೆಲ್ಲ ನಿಮಿರ್ಸಿ ಕುಟ್ಕೋದು. ಕೇಸ್ರಿ ಮೀನ್ ಅತ್ರ ಬಂದ್ರೆ ಗದ್ರುಸ್ತಿತ್ತು.”

ರಾಜೇಂದ್ರನ ನಗು ನಿಂತುಹೋಯಿತು. ಹಾಗೆ ಬೆನ್ನುಮುಳ್ಳು ನಿಮಿರಿಸುವುದನ್ನು ಕಣ್ಣಾರೆ ನೋಡದವರು ಹೇಳಲಾರರು.

“ಅಂಗಾರೆ ಯಾಕ್ ಸತ್ತೋಯ್ತು?”

“ನಾನೇ ಸಾಯ್ಸ್ದೆ” ಎಂದಳು. ಗ್ರಹಣ, ಡ್ರಮ್ಮು, ನಲ್ಲಿನೀರು, ನಾಲಿಗೆ, ಹರಳುಪ್ಪು ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡ. ಆರು ವಾರದ ಹಿಂದೆಯೇ ಅತ್ತು ಮುಗಿಸಿದ್ದ ಮೀನು ಈಗ ಅವನಿಗೆ ಹೊಸದಾಗಿ ಸತ್ತಿತ್ತು. ಚೆಲುವರಾಜು ಮಾತ್ರೆ ತಂದು ಕೊಟ್ಟು ಹೊರಗೆ ಜಗಲಿಯ ಮೇಲೆ ಕೂತ. ಮಧ್ಯಾಹ್ನದ ಗಂಜಿ ಮಂಚದ ಪಕ್ಕದಲ್ಲಿ ಆರಿಹೋಯಿತು. ಮಂಗಳಮ್ಮ ಕೆಳಗೆ ನೆಲದ ಮೇಲೆ ಕೂತಿದ್ದಳು.

ಬಿಸಿಲು ಇಳಿದ ಮೇಲೆ ಅವನು ಗೋಡೆ ಕಡೆಯೇ ಮುಖವಿಟ್ಟು ಕೇಳಿದ. “ಎಂಗ್ ತಿಂತಿತ್ತು ಅಂದೆ? ಇನ್ನೊಂದ್ ಸಲ ಏಳು.”

ಮಂಗಳಮ್ಮ ಮೊದಲಿನಿಂದ ಹೇಳತೊಡಗಿದಳು. ಸುತ್ತು ಬರುವಲ್ಲಿಗೆ ಅವನ ಭುಜ ಅಲುಗತೊಡಗಿತು. ಕುಟುಕುವಲ್ಲಿಗೆ ಬರುವಷ್ಟರಲ್ಲಿ ಅವನು ಎಷ್ಟು ಜೋರಾಗಿ ಅಳುತ್ತಿದ್ದನೆಂದರೆ, ಜಗಲಿಯಲ್ಲಿದ್ದ ಚೆಲುವರಾಜು ಕಾಲಿಗೆ ಏನಾಯಿತೋ ಎಂದು ಒಳಗೆ ಓಡಿಬಂದ.